ಸಂಸಾರ ಶಬ್ದದ ಸಂಚಾರ

ಕಾಸರಗೋಡಿನ ಸೀಮೆಯಲ್ಲಿ ಕನ್ನಡವೂ ಮಲಯಾಳವೂ ಒಂದೇ ಬೀದಿಯಲ್ಲಿ ಕೇಳಿಬರುವುವೆಂಬುದನ್ನು ಎಲ್ಲರೂ ಬಲ್ಲರು. ಘಟ್ಟದ ಮೇಲಿನಿಂದ ಮೊದಲ ಸಲ ಅಲ್ಲಿಗೆ ಹೋದ ಅವಿವಾಹಿತ ತರುಣನೊಬ್ಬನನ್ನು ಮಲಯಾಳಿ ಗೃಹಸ್ಥರೊಬ್ಬರು “ಮಲಯಾಳಂ ಸಂಸಾರಿಕ್ಕುಮೋ?” ಎಂದು ಕೇಳಿದರೆಂದು ಭಾವಿಸೋಣ. ಆ ಪ್ರಶ್ನೆಯಲ್ಲಿ ತರುಣನಿಗೆ ಗುರುತು ಸಿಕ್ಕುವ ಮಾತು ‘ಸಂಸಾರ’ವೊಂದೇ. ತನಗಿನ್ನೂ ಸಂಸಾರವಾಗಿಲ್ಲವೆಂದು ಅವನು ನಾಚಿಕೊಂಡು ಉತ್ತರ ಕೊಟ್ಟರೆ ಅದರಲ್ಲಿ ಆಶ್ಚರ್ಯವೇನೂ ಇಲ್ಲ. ಆ ಗೃಹಸ್ಥರಾದರೋ “ಮಲಯಾಳ ಮಾತನಾಡಬಲ್ಲಿರಾ?” ಎಂದು ಕೇಳಿದ್ದರಷ್ಟೆ!

ಸಂಸ್ಕೃತಶಬ್ದಗಳನ್ನು ಬಲ್ಲವನು ಭರತಖಂಡದಲ್ಲಿ ಎಲ್ಲಿಗೆ ಹೋದರೂ ಮಾತಿಗೆ ಬಡವನಾಗನೆಂಬ ನಂಬಿಕೆ ನಮ್ಮ ವಿದ್ಯಾವಂತರಲ್ಲಿ ಬಹುಕಾಲದಿಂದ ಇದೆ. ಶಬ್ದದ ರೂಪವನ್ನು ಮಾತ್ರ ನೋಡಿದರೆ ಈ ನಂಬಿಕೆ ಬಹುಮಟ್ಟಿಗೆ ನಿಜ. ಅರ್ಥವನ್ನು ನೋಡಿದರೆ ಹಾಗಲ್ಲ. ವೇಷ ಒಂದೇ ಆಗಿದ್ದು ಒಳಗಿನ ಆಳು ಬೇರೆಯಾಗಿರುವ ಶಬ್ದಗಳು ನೂರಾರು. ಪಂಡಿತರು ಇಂಥವನ್ನು ಕಂಡಾಗ ಅಪಪ್ರಯೋಗವೆಂದೋ ಪಾಮರರ ಅಜ್ಞಾನವೆಂದೋ ಹೇಳಿ ಕೈಬಿಡುವುದುಂಟು. ಹಾಗೆ ಕೈಬಿಡುವುದು ಸರಿಯೇ ಎಂಬುದನ್ನು ಒಂದೇ ಒಂದು ಶಬ್ದವನ್ನು ಹಿಡಿದು ವಿಚಾರಿಸುವುದು ಈ ಲೇಖನದ ಉದ್ದೇಶ. ಆ ಶಬ್ದವು ವಾಚಕರೆಲ್ಲರ ಮನೆಯಲ್ಲಿಯೂ ಇರುವ ‘ಸಂಸಾರ’ವೇ.

ಮೊದಲು ವ್ಯುತ್ಪತ್ತಿ. ‘ಸೃ’ ಎಂಬ ಧಾತುವಿಗೆ ಹೋಗು, ಹರಿ, ಚಲಿಸು ಎಂಬ ಅರ್ಥಗಳು. ನದಿಗೆ ‘ಸರಿತ್’ ಎಂಬ ಹೆಸರು ಬಂದುದೂ, ಪ್ರಿಯನ ಬಳಿಗೆ ಹೊರಟವಳು ‘ಅಭಿಸಾರಿಕೆ’ ಎನ್ನಿಸಿಕೊಂಡುದೂ, ನಾವು ದಿನವೂ ಬಳಸುವ ಅನುಸಾರ, ಪ್ರಸಾರ ಮೊದಲಾದುವು ಹುಟ್ಟಿದುದೂ ಈ ಧಾತುವಿನಿಂದಲೇ. ಅದಕ್ಕೆ ‘ಸಮ್’ ಎಂಬ ಉಪಸರ್ಗವು ಸೇರಿದಾಗ ಒಟ್ಟಾಗಿ ಹರಿಯುವುದು, ಒಂದರಿಂದೊಂದಕ್ಕೆ ಸಾಗುತ್ತ ಸುತ್ತುವುದು ಎಂಬ ಅರ್ಥ ಬರುವುದು. ಮನೆ, ಮಡದಿ, ಲೋಕ, ಮಾತು, ದುಃಖ ಇವುಗಳಲ್ಲಿ ಒಂದೂ ಮೂಲದಲ್ಲಿಲ್ಲ. ಅಲ್ಲಿರುವುದು ಚಲನೆಯೊಂದೇ.

ಈ ಚಲನೆಯನ್ನು ಜೀವಕ್ಕೆ ಅನ್ವಯಿಸಿದವರು ಮೋಕ್ಷಚಿಂತಕರು. ಹುಲ್ಲಿನ ಎಸಳಿನ ತುದಿಗೆ ಬಂದ ಹುಳುವು ಮತ್ತೊಂದು ಎಸಳನ್ನು ಹಿಡಿದು ತನ್ನ ಮೈಯನ್ನು ಅತ್ತ ಸೆಳೆದುಕೊಳ್ಳುವಂತೆ ಜೀವವು ದೇಹದಿಂದ ದೇಹಕ್ಕೆ ಹೋಗುವುದೆಂಬ ದೃಷ್ಟಾಂತವು ಬೃಹದಾರಣ್ಯಕೋಪನಿಷತ್ತಿನಲ್ಲಿದೆ. ಅಲ್ಲಿ ಭಾವವಿದೆ, ‘ಸಂಸಾರ’ವೆಂಬ ಶಬ್ದವಿಲ್ಲ. ಕಠೋಪನಿಷತ್ತಿನ ರಥದ ರೂಪಕದಲ್ಲಿ ಶಬ್ದವು ಸ್ಪಷ್ಟವಾಗಿ ಬಂದಿದೆ. ಇಂದ್ರಿಯಗಳೆಂಬ ಕುದುರೆಗಳನ್ನು ಹಿಡಿತದಲ್ಲಿಡದವನು ಪರಮಪದವನ್ನು ಮುಟ್ಟದೆ ಸಂಸಾರವನ್ನೇ ಪಡೆಯುವನೆಂದು ಅಲ್ಲಿನ ತಾತ್ಪರ್ಯ. ಗೀತೆಯ ಹನ್ನೆರಡನೆಯ ಅಧ್ಯಾಯದಲ್ಲಿ ಅದು ಮೃತ್ಯುವಿನೊಡನೆ ಸೇರಿ ಸಾಗರವಾಗಿದೆ.

ಜೈನರಲ್ಲಿ ಉಮಾಸ್ವಾತಿಯ ತತ್ತ್ವಾರ್ಥಸೂತ್ರವು ಜೀವರಾಶಿಯನ್ನೆಲ್ಲ ಸಂಸಾರಿಗಳು, ಮುಕ್ತರು ಎಂದು ಎರಡೇ ಪಂಗಡವಾಗಿ ಒಡೆಯುತ್ತದೆ. ದೇವ, ಮನುಷ್ಯ, ತಿರ್ಯಕ್, ನರಕ ಎಂಬ ನಾಲ್ಕು ಗತಿಗಳಲ್ಲಿ ಅಲೆಯುವವರೆಲ್ಲರೂ ಸಂಸಾರಿಗಳೇ. ಸ್ವರ್ಗದ ದೇವತೆಯೂ ಸಂಸಾರಿ, ಗಿಡದ ಮೇಲಿನ ಇರುವೆಯೂ ಸಂಸಾರಿ. ಪಂಪನು ೯೪೧ರಲ್ಲಿ ರಚಿಸಿದ ಆದಿಪುರಾಣದ ಭವಾವಳಿಯು ಈ ಅರ್ಥದ ಸಂಸಾರವನ್ನೇ ಕಥೆಯಾಗಿ ಹೇಳುವುದು. ಆದಿತೀರ್ಥಂಕರನ ಜೀವವು ಜನ್ಮದಿಂದ ಜನ್ಮಕ್ಕೆ ಸಾಗಿ ಕೊನೆಗೆ ಆ ಸುತ್ತನ್ನು ಕಡಿದುಕೊಂಡ ಚರಿತ್ರೆಯದು. ಬೌದ್ಧರಾದರೋ ಸಂಸಾರದ ಆದಿಯೇ ಕಾಣದೆಂದರು. ಈ ದೀರ್ಘ ಅಲೆದಾಟದಲ್ಲಿ ನೀವು ಸುರಿಸಿದ ಕಣ್ಣೀರು ಹೆಚ್ಚೋ ನಾಲ್ಕು ಸಮುದ್ರಗಳ ನೀರು ಹೆಚ್ಚೋ ಎಂದು ಬುದ್ಧನು ಭಿಕ್ಷುಗಳನ್ನು ಕೇಳಿದ ಪ್ರಸಂಗವು ಪಾಲಿಯ ಸಂಯುತ್ತನಿಕಾಯದಲ್ಲಿದೆ. ಅಜಂತೆಯ ಹದಿನೇಳನೆಯ ಗುಹೆಯ ಗೋಡೆಯ ಮೇಲೆ ಇದೇ ಸುತ್ತನ್ನು ಚಕ್ರವಾಗಿ ಚಿತ್ರಿಸಿದ್ದಾರೆ.

ಆತ್ಮನಿದ್ದಾನೋ ಇಲ್ಲವೋ ಎಂಬುದರಲ್ಲಿ ಈ ಮೂರು ಮತಗಳಿಗೂ ಒಮ್ಮತವಿಲ್ಲ. ಸಂಸಾರವು ದಾಟತಕ್ಕದ್ದೆಂಬುದರಲ್ಲಿ ಮಾತ್ರ ಭಿನ್ನಾಭಿಪ್ರಾಯವಿಲ್ಲ. ವಾಚಕರು ಇದನ್ನು ಚೆನ್ನಾಗಿ ನೆನಪಿನಲ್ಲಿಟ್ಟುಕೊಳ್ಳಬೇಕು. ಏತಕ್ಕೆಂದರೆ, ಬಿಟ್ಟುಹೋಗಬೇಕಾದುದಕ್ಕೆ ಜ್ಞಾನಿಗಳಿಟ್ಟ ಈ ಹೆಸರನ್ನು ಜನರು ತಾವು ನೆಲಸಿದ ಸ್ಥಳಕ್ಕೆ ಇಟ್ಟುಕೊಂಡರು. ಮುಂದಿನ ಚರಿತ್ರೆಯೆಲ್ಲ ಇದರದೇ.

ಹಿಂದಿ, ನೇಪಾಳಿ ಭಾಷೆಗಳಲ್ಲಿ ‘ಸಂಸಾರ್’ ಎಂದರೆ ಲೋಕ, ಜಗತ್ತು. ಸುತ್ತುವ ಕ್ರಿಯೆಯ ಹೆಸರು ಸುತ್ತುವ ಕ್ಷೇತ್ರಕ್ಕೆ ಅಂಟಿತು. ಹಿಂದಿಯವರು “ಸಂಸಾರವೆಲ್ಲ ಬಲ್ಲದು” ಎಂದರೆ ಅದು ಹೆಂಡತಿ ಮಕ್ಕಳ ಮಾತಲ್ಲ, ಪ್ರಪಂಚದ ಮಾತು. ಬಂಗಾಳಿ, ಮರಾಠಿ, ತೆಲುಗು, ತಮಿಳು, ಕನ್ನಡಗಳಲ್ಲಿ ಶಬ್ದವು ಇನ್ನೂ ಒಳಕ್ಕೆ ಬಂದು ಮನೆಯ ಹೊಸಲನ್ನು ದಾಟಿತು. ಮರಾಠಿಯ ‘ಸಂಸಾರ’ವು ಗಂಡಹೆಂಡಿರು ಕೂಡಿ ನಡೆಸುವ ಮನೆವಾರ್ತೆ. ಬಂಗಾಳಿಯಲ್ಲಿ ರಮೇಶಚಂದ್ರ ದತ್ತರು ೧೮೮೬ರಲ್ಲಿ ಒಂದು ಸಾಮಾಜಿಕ ಕಾದಂಬರಿಗೆ ‘ಸಂಸಾರ’ವೆಂದೇ ಹೆಸರಿಟ್ಟರು. ತಮಿಳಿನಲ್ಲಿ “ಎನ್ ಸಂಸಾರಂ” ಎಂದರೆ ನನ್ನ ಹೆಂಡತಿ. ಕನ್ನಡದಲ್ಲಿ ಮನೆ, ಮನೆಮಂದಿ, ಮಡದಿ ಮೂವರೂ ಆ ಒಂದು ಶಬ್ದದಲ್ಲಿದ್ದಾರೆ.

ಇಲ್ಲಿ ಒಂದು ವಿನೋದವನ್ನು ಗಮನಿಸಬೇಕು. ಹಿಂದಿಯವರ ಲೋಕವು ನಮ್ಮ ಮನೆಯಾಯಿತಷ್ಟೆ. ನಮ್ಮ ಲೋಕವು ಮತ್ತೊಬ್ಬರ ಮನೆಯಾಗಿದೆ. ಕನ್ನಡ, ತೆಲುಗುಗಳಲ್ಲಿ ಜಗತ್ತಿಗೆ ‘ಪ್ರಪಂಚ’ವೆನ್ನುವೆವು. ಅದೇ ‘ಪ್ರಪಂಚ’ಕ್ಕೆ ಮರಾಠಿಯಲ್ಲಿ ಗೃಹಕೃತ್ಯ, ಸಂಸಾರದ ಜಂಜಾಟ ಎಂದರ್ಥ. ಹಿಂದಿಯಲ್ಲಿ ಅದು ಕಪಟ, ಮೋಸದ ಜಾಲ ಎಂಬಲ್ಲಿಗೆ ಇಳಿದಿದೆ. ಮೂಲದಲ್ಲಿ ಪ್ರಪಂಚವೆಂದರೆ ಹರಡಿಕೊಂಡದ್ದು, ವಿಸ್ತಾರ. ಮೋಕ್ಷಶಾಸ್ತ್ರದ ಎರಡು ಶಬ್ದಗಳು ಹೀಗೆ ಒಂದರ ಮನೆಯಲ್ಲಿ ಮತ್ತೊಂದು ಬಾಡಿಗೆಗಿವೆ. ಲೋಕಕ್ಕೂ ಮನೆಗೂ ನಡುವೆ ಜನರು ಗೋಡೆ ಕಟ್ಟಿರಲಿಲ್ಲವೆಂಬುದೇ ಇದರಿಂದ ತಿಳಿಯುವ ಸಂಗತಿ. ಸಾಮಾನ್ಯ ಗೃಹಸ್ಥನಿಗೆ ಜನ್ಮಜನ್ಮಾಂತರದ ಸುತ್ತು ಕಣ್ಣಿಗೆ ಕಾಣದು. ಕಾಣುವುದು ಬಿತ್ತನೆ, ಕೊಯ್ಲು, ಹೆರಿಗೆ, ಮದುವೆ, ಸಾಲ, ಶ್ರಾದ್ಧಗಳ ಸುತ್ತು. ಅದನ್ನೇ ಅವನು ಸಂಸಾರವೆಂದನು.

ಇನ್ನು ಕೇರಳದ ಪ್ರಶ್ನೆ. ಸುತ್ತಾಟವು ಮಾತುಕತೆಯಾದುದು ಹೇಗೆ? ಮೊದಲ ನೋಟಕ್ಕೆ ಇದು ಎಲ್ಲಕ್ಕಿಂತ ವಿಚಿತ್ರವಾದ ಬದಲಾವಣೆ. ಆದರೆ ಇಂಥ ದಾರಿಯನ್ನು ಬೇರೆ ಭಾಷೆಗಳೂ ತುಳಿದಿವೆ. ಇಂಗ್ಲಿಷಿನ ‘ಕಾನ್ವರ್ಸೇಷನ್’ ಎಂಬ ಶಬ್ದಕ್ಕೆ ಮೂಲವಾದ ಲ್ಯಾಟಿನ್ ಕ್ರಿಯಾಪದಕ್ಕೆ ಒಡನೆ ಬಾಳು, ಜೊತೆಯಲ್ಲಿ ಇರು ಎಂಬ ಅರ್ಥವಿದ್ದಿತು. ೧೬೧೧ರ ಇಂಗ್ಲಿಷ್ ಬೈಬಲ್ಲಿನಲ್ಲಿ ಆ ಶಬ್ದವು ನಡತೆ, ಬಾಳುವ ರೀತಿ ಎಂಬ ಅರ್ಥದಲ್ಲಿ ಬರುವುದು. ಇಂದು ಅದು ಮಾತುಕತೆಯೇ. ಕೂಡಿ ಬಾಳುವವರು ಕೂಡಿ ಮಾತನಾಡುವರು. ಬಾಳಿನ ಹೆಸರು ಮಾತಿಗೆ ಬರುವುದು ಅಸಹಜವಲ್ಲ. ನಮ್ಮಲ್ಲಿಯೂ ‘ವ್ಯವಹಾರ’ವು ಕೊಡುಕೊಳ್ಳುವಿಕೆಯೂ ಹೌದು, “ಕನ್ನಡದಲ್ಲಿ ವ್ಯವಹರಿಸು” ಎಂಬಲ್ಲಿ ಭಾಷೆಯ ಬಳಕೆಯೂ ಹೌದು. ‘ಲೋಕಾಭಿರಾಮ’ವನ್ನೇ ನೋಡಬಹುದು. ಲೋಕಕ್ಕೆ ಆನಂದವನ್ನೀಯುವ ಶ್ರೀರಾಮನ ವಿಶೇಷಣವದು. “ಜಗಲಿಯ ಮೇಲೆ ಕುಳಿತು ಲೋಕಾಭಿರಾಮವಾಗಿ ಮಾತನಾಡಿದೆವು” ಎನ್ನುವಾಗ ರಾಮನು ಯಾರ ಮನಸ್ಸಿನಲ್ಲಿಯೂ ಇರುವುದಿಲ್ಲ. ಊರಿನ ಸುದ್ದಿ, ಮಳೆ ಬೆಳೆ, ಕೊಟ್ಟ ಹೆಣ್ಣು ತಂದ ಸೊಸೆ ಇವು ಇರುವುವು. ಸಂಸಾರದ ಸುದ್ದಿಯೇ ಮಾತಿನ ಮುಖ್ಯ ಸಾಮಗ್ರಿಯಾದಾಗ ಮಾತೇ ‘ಸಂಸಾರ’ವಾಗುವುದು ಒಂದು ಹೆಜ್ಜೆಯ ದೂರವೆಂದು ಊಹಿಸಬಹುದು.

ಇಲ್ಲಿಯವರೆಗೆ ನೆಲದ ಮೇಲಿನ ಪ್ರಯಾಣವಾಯಿತು. ಈ ಶಬ್ದವು ಸಮುದ್ರವನ್ನೂ ದಾಟಿದೆ. ಕ್ರಿಸ್ತಶಕ ಸುಮಾರು ೪೦೦ರ ವೇಳೆಗೆ ಬೋರ್ನಿಯೋ ದ್ವೀಪದ ಪೂರ್ವಭಾಗದ ಕುತೈ ಎಂಬಲ್ಲಿ ಮೂಲವರ್ಮನೆಂಬ ರಾಜನು ಯೂಪಸ್ತಂಭಗಳ ಮೇಲೆ ಸಂಸ್ಕೃತಶಾಸನಗಳನ್ನು ಕೆತ್ತಿಸಿದ್ದನು. ಅಂದಿನಿಂದ ಶೈವ, ವೈಷ್ಣವ, ಬೌದ್ಧಮತಗಳೊಡನೆ ಸಂಸ್ಕೃತವೂ, ಮುಂದೆ ಥೇರವಾದದೊಡನೆ ಪಾಲಿಯೂ ಆ ದೇಶಗಳ ಭಾಷೆಗಳೊಳಗೆ ಇಳಿದುವು. ಚೀನದವರೂ ಟಿಬೆಟಿನವರೂ ‘ಸಂಸಾರ’ವನ್ನು ತಮ್ಮ ಮಾತಿನಲ್ಲಿ ಚಕ್ರದ ತಿರುಗು, ಸುತ್ತು ಎಂದು ಅನುವಾದಿಸಿಕೊಂಡರು. ಆಗ್ನೇಯ ಏಷ್ಯದ ಜನರು ಶಬ್ದವನ್ನೇ ಇಟ್ಟುಕೊಂಡರು. ಇಟ್ಟುಕೊಂಡ ಶಬ್ದವು ಭಿಕ್ಷುಗಳ ಬಾಯಿಂದ ಸಂತೆಯ ಬಾಯಿಗೆ ಬರಲು ತಡವಾಗಲಿಲ್ಲ.

ಉಚ್ಚಾರಣೆಯ ಭೇದವನ್ನು ಮೊದಲು ಹೇಳಬೇಕು. ಅನುಸ್ವಾರವನ್ನು ಆ ಕಡೆಯವರು ಕಂಠ್ಯವಾದ ‘ಙ’ಕಾರದಂತೆ ನುಡಿಯುವರು; ಬಂಗಾಳಿಗಳೂ ಹಾಗೆಯೇ. ಥಾಯ್ ಭಾಷೆಯಲ್ಲಿ ಪದದ ಕೊನೆಯ ರಕಾರವು ನಕಾರವಾಗಿ ಕೇಳಿಸುವುದು. ‘ನಗರ’ವು ಅಲ್ಲಿ ‘ನಖೋನ್’ ಆದುದು, ‘ಆಹಾರ’ವು ‘ಆಹಾನ್’ ಆದುದು ಹೀಗೆಯೇ. ಆದಕಾರಣ ‘ಸಂಸಾರ’ವು ಥಾಯ್‌ನಲ್ಲಿ ‘ಸೊಂಗ್‌ಸಾನ್’ ಆಯಿತು. ಕಾಂಬೋಜದ ಖ್ಮೇರ್ ಭಾಷೆಯಲ್ಲಿ ಕೊನೆಯ ರಕಾರವು ಬರೆಹದಲ್ಲಿ ಉಳಿದು ಬಾಯಲ್ಲಿ ಅಳಿಯಿತು. ಮಲಯ, ಇಂಡೋನೇಷ್ಯ ಭಾಷೆಗಳಲ್ಲಿ ಅದು ‘ಸೆಂಗ್‌ಸಾರ’ವಾಯಿತು.

ಅರ್ಥವೋ, ಮೂರು ಕಡೆ ಮೂರು ಬಗೆ. ಇಂಡೋನೇಷ್ಯದಲ್ಲಿ ‘ಸೆಂಗ್‌ಸಾರ’ವೆಂದರೆ ಕಷ್ಟ, ಯಾತನೆ. ಬುದ್ಧನ ನಾಲ್ಕು ಸಮುದ್ರಗಳ ಕಣ್ಣೀರನ್ನು ನೆನೆದರೆ ಈ ಅರ್ಥವು ಹೊಸದೆನ್ನಿಸದು. ಸುತ್ತನ್ನು ಬಿಟ್ಟು ಸುತ್ತಿನ ಫಲವನ್ನು ಹಿಡಿದರು. ೧೯೨೦ರಲ್ಲಿ ಮೆರಾರಿ ಸಿರೆಗಾರ್ ಎಂಬವರು ಬರೆದ ‘ಅಜಾಬ್ ದಾನ್ ಸೆಂಗ್‌ಸಾರ’, ಎಂದರೆ ‘ಯಾತನೆ ಮತ್ತು ಸಂಕಟ’, ಎಂಬ ಕೃತಿಯನ್ನು ಆ ಭಾಷೆಯ ಆಧುನಿಕ ಕಾದಂಬರಿಗಳಲ್ಲಿ ಮೊದಲಿನದೆಂದು ಎಣಿಸುವುದುಂಟು. ಅದರ ಕಥೆ ಏನು? ಮೆಚ್ಚಿದವನನ್ನು ಪಡೆಯಲಾರದೆ, ಹಿರಿಯರು ಗೊತ್ತುಮಾಡಿದವನನ್ನು ಕೈಹಿಡಿದು, ಅವನ ಕ್ರೌರ್ಯದಿಂದ ಬೆಂದ ಹೆಣ್ಣಿನ ಬಾಳು. ನಮ್ಮ ಅರ್ಥದ ಸಂಸಾರವು ಕೆಟ್ಟ ಕಥೆಗೆ ಅವರ ಅರ್ಥದ ‘ಸಂಸಾರ’ವು ಹೆಸರಾಗಿದೆ. ಕನ್ನಡಿಗನೊಬ್ಬನು ಅದನ್ನು ತಪ್ಪಾಗಿ ತಿಳಿದುಕೊಂಡರೂ ಕಥೆಯಿಂದ ಬಹಳ ದೂರ ಹೋಗಲಾರನು!

ಸಯಾಮಿನಲ್ಲಿ, ಎಂದರೆ ಈಗಿನ ಥಾಯ್ಲೆಂಡಿನಲ್ಲಿ, ‘ಸೊಂಗ್‌ಸಾನ್’ ಎಂದರೆ ಮರುಕಪಡುವುದು. ಬಿದ್ದ ಮಗುವನ್ನು ಕಂಡರೆ, ಮಳೆಯಲ್ಲಿ ನೆನೆದ ನಾಯಿಯನ್ನು ಕಂಡರೆ ಅಲ್ಲಿನವರು ಆಡುವ ಮಾತಿದು. ಸಂಸಾರದಲ್ಲಿ ಸಿಕ್ಕಿಬಿದ್ದ ಜೀವವೆಂಬ ಬೌದ್ಧಭಾವವು ನೋಡುವವನ ಎದೆಯಲ್ಲಿ ಕರುಣೆಯಾಗಿ ಮಾರ್ಪಟ್ಟಿರಬೇಕು. ಇದು ವಿಚಿತ್ರವೆನ್ನುವ ಮುನ್ನ ನಮ್ಮ ಬಾಯನ್ನು ನಾವು ಕೇಳಿಕೊಳ್ಳಬೇಕು. ಅದೇ ಮಗುವನ್ನು ಕಂಡು ನಾವೇನೆನ್ನುವೆವು? “ಅಯ್ಯೋ, ಪಾಪ!” ಸಂಸ್ಕೃತದಲ್ಲಿ ಪಾಪವೆಂದರೆ ದುಷ್ಕರ್ಮ. ನಾವು ಮಗುವಿನ ಮೇಲೆ ದುಷ್ಕರ್ಮದ ಆರೋಪ ಹೊರಿಸುತ್ತೇವೆಯೇ? ಇಲ್ಲ. ತೆಲುಗಿನ ‘ಪಾಪಂ’, ತಮಿಳು ಮಲಯಾಳಗಳ ‘ಪಾವಂ’ ಎಲ್ಲವೂ ಈ ಮರುಕದ ಮಾತುಗಳೇ. ಕರ್ಮಸಿದ್ಧಾಂತದ ಅತ್ಯಂತ ಕಠಿನವಾದ ಶಬ್ದವನ್ನು ದಕ್ಷಿಣದ ತಾಯಂದಿರು ಅತ್ಯಂತ ಮೃದುವಾದ ಉದ್ಗಾರವಾಗಿ ಮಾಡಿದ್ದಾರೆ.

ಕಾಂಬೋಜದ ಅರ್ಥವನ್ನು ಕಡೆಗೆ ಉಳಿಸಿಕೊಂಡೆನು. ಖ್ಮೇರ್ ಭಾಷೆಯಲ್ಲಿ ಇದೇ ಶಬ್ದಕ್ಕೆ ಪ್ರಿಯ, ಪ್ರಿಯೆ ಎಂದರ್ಥ. ಮನಸ್ಸು ಕೊಟ್ಟು, ಮದುವೆಯಾಗಲಿರುವ ಜೊತೆಗಾರ. ಈ ಸುತ್ತಿನಲ್ಲಿ ತನ್ನೊಡನೆ ಸಾಗುವವರನ್ನೇ ಸುತ್ತಿನ ಹೆಸರಿನಿಂದ ಕರೆದರೆಂದು ತೋರುತ್ತದೆ. ಹಿಂದೆ ‘ಅಭಿಸಾರಿಕೆ’ಯನ್ನು ಹೆಸರಿಸಿದೆನಷ್ಟೆ. ಒಂದೇ ಧಾತುವಿನಿಂದ ಹೊರಟು, ಒಂದು ನೇರವಾಗಿಯೂ ಮತ್ತೊಂದು ಮೋಕ್ಷಶಾಸ್ತ್ರವನ್ನೆಲ್ಲ ಬಳಸಿಯೂ ಪ್ರೇಮದ ಬಾಗಿಲಿಗೇ ಬಂದು ನಿಂತಿವೆ.

ಈಗ ನಮ್ಮ ಮನೆಗೆ ಹಿಂದಿರುಗೋಣ. ಕನ್ನಡದ ‘ಸಂಸಾರ’ವು ಎರಡು ಅರ್ಥಗಳನ್ನೂ ಬಿಡದೆ ಹೊತ್ತುಕೊಂಡಿದೆ. ಹರಿಕಥೆಯಲ್ಲಿ ಸಂಸಾರವು ಸಾಗರ, ಹರಿಕಥೆ ಮುಗಿಸಿ ಬಂದವರನ್ನು “ಸಂಸಾರವೆಲ್ಲ ಕ್ಷೇಮವೇ?” ಎಂದು ಕೇಳುವಾಗ ಅದು ಮಡದಿ ಮಕ್ಕಳು. ಆಧ್ಯಾತ್ಮಿಕ, ಆಧಿಭೌತಿಕ, ಆಧಿದೈವಿಕವೆಂಬ ಮೂರು ತಾಪಗಳೂ ನಮ್ಮಲ್ಲಿ ಒಂದಾಗಿ ‘ತಾಪತ್ರಯ’ವೆಂಬ ಮನೆಯ ಕೈಕಟ್ಟಿನ ಮಾತಾಗಿವೆ. “ಸಂಸಾರ ಗುಟ್ಟು, ವ್ಯಾಧಿ ರಟ್ಟು” ಎಂಬ ಗಾದೆಯು ಸಂಸಾರವನ್ನು ಬಿಡಬೇಕೆನ್ನುವುದಿಲ್ಲ, ಅದರ ಮಾನವನ್ನು ಕಾಯಬೇಕೆನ್ನುವುದು. ಇದಕ್ಕಿಂತಲೂ ಮುಂದೆ ಹೋಗಿ ‘ಸಂಸಾರಸ್ಥ’ನೆಂಬುದು ಮರ್ಯಾದೆಯ ಬಿರುದಾಗಿದೆ. “ಸಂಸಾರಸ್ಥರಿಗೆ ಮಾತ್ರ” ಎಂದು ಮನೆಯನ್ನು ಬಾಡಿಗೆಗೆ ಕೊಡುವವರು ಹೇಳುವುದುಂಟು. ಸಂಸಾರವನ್ನು ಗೆದ್ದ ಯತಿಯು ಬಂದು ಕೇಳಿದರೆ ಆ ಮನೆ ಸಿಕ್ಕದು. ಸಂಸಾರದಲ್ಲಿ ಮುಳುಗಿದವನಿಗೆ ಬೀಗದ ಕೈ ದೊರೆಯುವುದು.

ಈ ಎರಡು ಅರ್ಥಗಳು ಒಂದೇ ಶಬ್ದದಲ್ಲಿರುವುದರಿಂದ ಒಂದು ಕೇಡೂ ಆಗಿದೆಯೆಂಬುದನ್ನು ಮರೆಮಾಡಲಾಗದು. ಮಡದಿಗೆ ‘ಸಂಸಾರ’ವೆಂದು ಹೆಸರಿಟ್ಟಾಗ ಶಾಸ್ತ್ರವು ಆ ಶಬ್ದಕ್ಕೆ ಹೇಳಿದ ದೋಷಗಳೂ ಅವಳ ತಲೆಗೇ ಬಂದುವು. ಬಂಧನವೆಂದರೆ ಅವಳು, ಮಾಯೆಯೆಂದರೆ ಅವಳು ಎಂಬ ಮಾತುಗಳು ವೈರಾಗ್ಯದ ಸಾಹಿತ್ಯದಲ್ಲಿ ಬೇಕಾದಷ್ಟಿವೆ. ಮನೆಯಲ್ಲಿ ಎಲ್ಲರಿಗಿಂತ ಮೊದಲು ಎದ್ದು ಎಲ್ಲರ ಕೊನೆಗೆ ಉಣ್ಣುವವಳು ತಾನು ಇನ್ನೊಬ್ಬನ ಮುಕ್ತಿಗೆ ಅಡ್ಡಿಯೆಂದು ಕೇಳಿಸಿಕೊಳ್ಳಬೇಕಾಯಿತು. ಅವಳಿಗೂ ಒಂದು ಸಂಸಾರವುಂಟು, ಅವಳೂ ಅದರಲ್ಲಿ ಸುತ್ತುವ ಜೀವವೇ ಎಂಬುದು ಮರೆತುಹೋಯಿತು.

ಆದರೆ ಇದಕ್ಕೆ ಉತ್ತರವೂ ನಮ್ಮ ನಾಡಿನಲ್ಲಿಯೇ ಇದೆ. ಹನ್ನೆರಡನೆಯ ಶತಮಾನದ ಶರಣರು ಸಂಸಾರಸಾಗರದ ಭಯವನ್ನು ಬಲ್ಲವರು. ಹಾಗಿದ್ದೂ ಅವರಲ್ಲಿ ಅನೇಕರು ಕಾಯಕಮಾಡಿಕೊಂಡು ಮನೆ ನಡೆಸಿದ ದಂಪತಿಗಳು. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಅದು ಆಸೆಯ ಲಕ್ಷಣವೆಂದು ತಿಳಿಹೇಳಿ ಹಿಂದಿರುಗಿಸಲು ಕಳುಹಿದವಳು ಅವನ ಮಡದಿ ಲಕ್ಕಮ್ಮ. ಅಲ್ಲಿ ಬಂಧನಕ್ಕೆ ಕೈಯೊಡ್ಡಿದವನು ಗಂಡ, ಬಿಡಿಸಿದವಳು ‘ಸಂಸಾರ’. ಶಬ್ದಕೋಶಗಳಲ್ಲಿ ಈ ಅರ್ಥವನ್ನು ಯಾರೂ ಬರೆದಿಲ್ಲವಾದರೂ ಕನ್ನಡಿಗರ ಅನುಭವದಲ್ಲಿ ಅದು ಸೇರಿದೆ.

ಹೀಗೆ ವಿಚಾರಮಾಡಿದರೆ ಮೊದಲು ಎತ್ತಿದ ಪ್ರಶ್ನೆಗೆ ಉತ್ತರ ಸಿಕ್ಕಿದಂತಾಯಿತು. ಲೋಕ, ಮನೆ, ಮಡದಿ, ಮಾತು, ಸಂಕಟ, ಮರುಕ, ಪ್ರಿಯೆ ಎಂಬ ಅರ್ಥಗಳು ಅಪಪ್ರಯೋಗಗಳಲ್ಲ. ಸುತ್ತಿನಲ್ಲಿ ಏನೇನಿದೆಯೆಂದು ಶಾಸ್ತ್ರಕಾರರು ಒಂದೇ ಶಬ್ದದಲ್ಲಿ ಕಟ್ಟಿಟ್ಟಿದ್ದುದನ್ನು ಬೇರೆ ಬೇರೆ ನಾಡಿನ ಗೃಹಸ್ಥರು ಬಿಚ್ಚಿ ತಮತಮಗೆ ಮುಟ್ಟಿದುದನ್ನು ಇಟ್ಟುಕೊಂಡಿದ್ದಾರೆ. ಅನುವಾದಮಾಡುವವರು ಮಾತ್ರ ಎಚ್ಚರವಾಗಿರಬೇಕು. ಸತ್ಯಜಿತ್ ರಾಯರ ೧೯೫೯ರ ಬಂಗಾಳಿ ಚಲಚ್ಚಿತ್ರ ‘ಅಪುರ್ ಸಂಸಾರ್’ ಇಂಗ್ಲಿಷಿನಲ್ಲಿ ‘ಅಪುವಿನ ಪ್ರಪಂಚ’ ಎಂಬ ಅರ್ಥದ ಹೆಸರಿನಿಂದ ಪ್ರಸಿದ್ಧವಾಗಿದೆ. ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಳೆಂದು ಎಲ್ಲವನ್ನೂ ತೊರೆದು ಅಲೆದ ಅಪು, ವರ್ಷಗಳ ಮೇಲೆ ಹಿಂದಿರುಗಿ, ತಾನು ಅದುವರೆಗೆ ಕಾಣದಿದ್ದ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ನಡೆಯುವುದು ಅದರ ಕೊನೆಯ ದೃಶ್ಯ. ಹೆಗಲ ಮೇಲೆ ಕುಳಿತಿರುವುದು ಪ್ರಪಂಚವಲ್ಲ, ಸಂಸಾರ. ಈ ಭೇದವು ಕನ್ನಡಿಗನಿಗೆ ವಿವರಣೆಯಿಲ್ಲದೆ ತಿಳಿಯುವುದು.

ಎಷ್ಟು ಕಾಲ ತಿಳಿಯುವುದೋ ಎಂಬುದೇ ಈಗಿನ ಚಿಂತೆ. ಪಟ್ಟಣದ ಮನೆಗಳಲ್ಲಿ ‘ಫ್ಯಾಮಿಲಿ ಸಮೇತ’ ಬರುವವರು ಹೆಚ್ಚಿ ‘ಸಂಸಾರ ಸಮೇತ’ ಬರುವವರು ಕಡಮೆಯಾಗಿದ್ದಾರೆ. ‘ಫ್ಯಾಮಿಲಿ’ಯೂ ದೂರದಿಂದ ಬಂದ ಸಂಚಾರಿಯೇ, ಅದರ ಲ್ಯಾಟಿನ್ ಮೂಲಕ್ಕೆ ಮನೆಯ ಆಳುಗಳ ಸಮೂಹವೆಂಬ ಅರ್ಥವಿದ್ದಿತು. ಹೊಸ ಶಬ್ದವು ಬರುವುದು ತಪ್ಪಲ್ಲ. ಆದರೆ ಅದರಲ್ಲಿ ಸಾಗರವಿಲ್ಲ, ಸುತ್ತಿಲ್ಲ, ಅಲೆದು ಹಿಂದಿರುಗುವ ದಾರಿಯಿಲ್ಲ. ಮನೆಯ ಹಿರಿಯರು ‘ಸಂಸಾರ’, ‘ಪ್ರಪಂಚ’, ‘ತಾಪತ್ರಯ’, ‘ಲೋಕಾಭಿರಾಮ’ ಇಂಥ ಮಾತುಗಳನ್ನು ಯಾವ ಸಂದರ್ಭದಲ್ಲಿ ಯಾವ ಅರ್ಥದಲ್ಲಿ ಬಳಸುವರೆಂಬುದನ್ನು ವಾಚಕರು ಕಿವಿಗೊಟ್ಟು ಕೇಳಿ, ಊರು ಸೀಮೆಗಳ ಹೆಸರಿನೊಡನೆ ಬರೆದಿಡಬೇಕೆಂದು ಬೇಡುವೆನು. ಅದಕ್ಕೆ ಪಾಂಡಿತ್ಯ ಬೇಡ, ಒಂದು ಟಿಪ್ಪಣಿಯ ಪುಸ್ತಕವೂ ಅಡುಗೆಮನೆಯ ಬಾಗಿಲ ಬಳಿ ಸ್ವಲ್ಪ ಹೊತ್ತು ಕುಳಿತುಕೊಳ್ಳುವ ತಾಳ್ಮೆಯೂ ಸಾಕು.